ಆರ್ಡಿಸ್ ಕಟ್ಟುವ ಒಂದೇ ತೂತಿನ ಡಬ್ಬಿ

ಬೆಳಗಿನ ಐದಕ್ಕೆ ಇನ್ನೂ ಹತ್ತು ನಿಮಿಷ ಇದೆ. ಗುರಿಕಾರರ ಕ್ಲಬ್ಬಿನ ಉದ್ದನೆಯ ತಗಡಿನ ಶೆಡ್ಡಿನಲ್ಲಿ ಆರ್ಡಿಸ್ ಟೊಲೆಫ್ಸನ್ ಒಬ್ಬರೇ ಓಡಾಡುತ್ತಿದ್ದಾರೆ. ಹಣೆಗೆ ಪುಟ್ಟ ದೀಪ ಕಟ್ಟಿಕೊಂಡಿದ್ದಾರೆ. ಆಗಸ್ಟ್ ತಿಂಗಳಾದರೂ ಮೊಂಟಾನಾದ ಈ ಬಯಲಲ್ಲಿ ಬೆಳಗಿನ ಗಾಳಿಗೆ ಕಿವಿ ತಣ್ಣಗಾಗುತ್ತದೆ. ಮೂವತ್ತೆಂಟು ಮೇಜು, ಒಂದೊಂದರ ಮೇಲೂ ಬಟ್ಟೆ ಮುಚ್ಚಿದ ಎಲೆಕ್ಟ್ರಾನಿಕ್ ತಕ್ಕಡಿ. ಇಪ್ಪತ್ತಾರು ಮೇಜುಗಳ ಕೆಳಗೆ ಹಸಿರು ಬಣ್ಣದ ಕಬ್ಬಿಣದ ಡಬ್ಬಿಗಳಿವೆ. ಅವೆಲ್ಲ ಅವರ ಕೈಯಲ್ಲೇ ಹುಟ್ಟಿದವು. ಒಂದೊಂದಾಗಿ ಬಗ್ಗಿ ಗುಂಡಿ ಒತ್ತುತ್ತಾರೆ, ತಕ್ಕಡಿಯ ಬಟ್ಟೆ ತೆಗೆಯುತ್ತಾರೆ, ಅಂಕಿ ಮೂಡುವುದನ್ನು ನೋಡಿ ಮುಂದಿನ ಮೇಜಿಗೆ ಹೋಗುತ್ತಾರೆ.

ಗುರಿಕಾರರು ಬರುವುದು ಆರೂವರೆಗೆ. ಅಷ್ಟರೊಳಗೆ ತಕ್ಕಡಿಗಳು ಒಂದು ಗಂಟೆಯಾದರೂ ಚಾಲೂ ಇದ್ದು ಮೈ ಬೆಚ್ಚಗಾಗಿರಬೇಕು. ಇಲ್ಲದಿದ್ದರೆ ಸರಿಯಾಗಿ ತೂಗುವುದಿಲ್ಲ. "ಎದ್ದ ತಕ್ಷಣ ಲೆಕ್ಕ ಕೇಳಿದ್ರೆ ಯಾರು ತಾನೇ ಸರಿಯಾಗಿ ಹೇಳ್ತಾರೆ? ನನ್ನ ಗಂಡ ಮೆಲ್ವಿನ್ ಕಾಫಿ ಕುಡಿಯೋತನಕ ತನ್ನ ಹುಟ್ಟಿದ ದಿನಾನೂ ಹೇಳಲ್ಲ," ಎನ್ನುತ್ತಾರೆ.

ಇಲ್ಲಿನವರು ಗುಂಡು ಹಾರಿಸುವುದು ಸಾವಿರ ಗಜ ದೂರದ ಹಲಗೆಗೆ. ಅಂಗಡಿಯಲ್ಲಿ ಕೊಂಡ ಕಾಡತೂಸು ಈ ಆಟಕ್ಕೆ ಒಗ್ಗದು. ಒಮ್ಮೆ ಹಾರಿಸಿದ ಹಿತ್ತಾಳೆಯ ಖಾಲಿ ಚಿಪ್ಪಿಗೆ ಅವರವರೇ ಮತ್ತೆ ಮದ್ದು ತುಂಬಿಕೊಳ್ಳುತ್ತಾರೆ, ಅದೂ ಅದೇ ಬೆಳಿಗ್ಗೆ, ಇದೇ ಶೆಡ್ಡಿನಲ್ಲಿ. ಮದ್ದಿನ ಒಂದು ಕಾಳು ಗ್ರಾಮಿನ ಸಾವಿರದಲ್ಲೊಂದು ಪಾಲಿಗಿಂತ ಚೂರು ಹೆಚ್ಚು ತೂಗುತ್ತದೆ. ಆ ಒಂದು ಕಾಳಿನ ವ್ಯತ್ಯಾಸವನ್ನೂ ತಕ್ಕಡಿ ತೋರಿಸಬೇಕು. ಆದರೆ ಬಯಲಿಗೆ ವಿದ್ಯುತ್ ತಂತಿ ಬಂದಿಲ್ಲ, ಇರುವುದು ಜನರೇಟರ್. ಅದರ ಕರೆಂಟು ಏರುಪೇರು. ಕಾಫಿ ಹಂಡೆ ಕಾಯಲು ಶುರುವಾದರೆ ಸಾಕು, ತಕ್ಕಡಿಯ ಅಂಕಿಗಳು ಕುಣಿಯುತ್ತವೆ. ಆರ್ಡಿಸ್ ಅವರ ಡಬ್ಬಿಯ ಕರೆಂಟು ಹಾಗಲ್ಲ, ಸಂಜೆಯವರೆಗೂ ಒಂದೇ ಸಮ ಹರಿಯುತ್ತದೆ.

ಆರ್ಡಿಸ್ ಅವರಿಗೆ ಈಗ ಅರವತ್ತೇಳು. ಮದುವೆಯಾದ ಮೇಲೆ ಇಪ್ಪತ್ತಾರು ವರ್ಷ ದನಗಳ ಹರಾಜು ಕಟ್ಟೆಯಲ್ಲಿ ತೂಕದ ಯಂತ್ರ ರಿಪೇರಿ ಮಾಡಿದರು. ಹೋರಿಗಳನ್ನು ಹತ್ತತ್ತು ಒಟ್ಟಿಗೆ ಏರಿಸಿ ತೂಗುವ ಯಂತ್ರ. ಅದರ ಹೊಟ್ಟೆಯೊಳಗೆ ಇಳಿದು ಸಗಣಿ ಕೆರೆದು ತಂತಿ ಬೆಸೆಯುತ್ತಿದ್ದರು. ತೂಕ ಹೆಚ್ಚು ಬಂದರೆ ಕೊಳ್ಳುವವನು, ಕಡಿಮೆ ಬಂದರೆ ಮಾರುವವನು, ಇಬ್ಬರೂ ಬೈಯುತ್ತಿದ್ದದ್ದು ಇವರನ್ನೇ. ಹರಾಜು ಕಟ್ಟೆ ಮುಚ್ಚಿದ ದಿನ ಒಂದು ಕಾಫಿ ಲೋಟ ಕೊಟ್ಟು ಕಳಿಸಿದರು. ಸರ್ಟಿಫಿಕೇಟ್ ಇಲ್ಲದ ಹೆಂಗಸಿಗೆ ಬೇರೆ ಯಾರೂ ಆ ಕೆಲಸ ಕೊಡಲಿಲ್ಲ.

ಒಂಬತ್ತು ವರ್ಷದ ಹಿಂದೆ ಮೆಲ್ವಿನ್ ಗುರಿಕಾರರ ಕ್ಲಬ್ಬಿಗೆ ಸೇರಿದರು. ಅವರ ತಕ್ಕಡಿ ಬಯಲಲ್ಲಿ ಒಂದು ನಿಮಿಷವೂ ನಿಂತಲ್ಲಿ ನಿಲ್ಲುತ್ತಿರಲಿಲ್ಲ. ಗಂಡನ ಗೊಣಗಾಟ ತಾಳಲಾರದೆ ಆರ್ಡಿಸ್ ಮೊದಲ ಡಬ್ಬಿ ಕಟ್ಟಿದರು. ಈವರೆಗೆ ಐವತ್ಮೂರು ಆಗಿವೆ. ಸೈನ್ಯದವರು ಕಾಡತೂಸು ಇಡುತ್ತಿದ್ದ ಹಳೆಯ ಡಬ್ಬಿಯೊಳಗೆ ನಾಲ್ಕು ಬ್ಯಾಟರಿ, ಒಂದು ಫ್ಯೂಸು, ಕರೆಂಟನ್ನು ಸಮ ಮಾಡುವ ಅಂಗೈಯಗಲದ ಫಲಕ. ಒಂದನ್ನು ಕಟ್ಟಲು ಎರಡೂವರೆ ದಿನ ಹಿಡಿಯುತ್ತದೆ. ಆಮೇಲೆ ಮೂರು ದಿನ ಅಡುಗೆಮನೆಯ ಕಪಾಟಿನಲ್ಲಿ ತಕ್ಕಡಿಗೆ ಜೋಡಿಸಿಟ್ಟು ಗಂಟೆಗೊಮ್ಮೆ ಅಂಕಿ ಬರೆದುಕೊಳ್ಳುತ್ತಾರೆ. ಬೆರಳಿನ ಗೆಣ್ಣುಗಳು ಊದಿಕೊಂಡಿವೆ. ಸಣ್ಣ ಬೆಸುಗೆ ಇದ್ದ ದಿನ ಮೊದಲು ಬಿಸಿನೀರಿನಲ್ಲಿ ಕೈ ಅದ್ದಿಟ್ಟುಕೊಂಡು ಕೂರುತ್ತಾರೆ.

ಡಬ್ಬಿಯಿಂದ ತಂತಿ ಹೊರಬರಲು ಇರುವುದು ಒಂದೇ ತೂತು. ಇದರ ಬಗ್ಗೆ ಶೆಡ್ಡಿನಲ್ಲಿ ಮುಗಿಯದ ತಮಾಷೆ. ಫೋನ್ ಚಾರ್ಜ್ ಮಾಡಲು ಇನ್ನೊಂದು ತೂತು ಇಟ್ಟರೆ ಅಜ್ಜಿಯ ಗಂಟೇನು ಹೋಗುತ್ತದೆ ಎಂದು ಕೇಳದವರಿಲ್ಲ. ಆರ್ಡಿಸ್ ಉತ್ತರ ಒಂಬತ್ತು ವರ್ಷದಿಂದ ಅದೇ: "ನಿನ್ನ ಫೋನ್‌ಗೆ ಹಸಿವಾದ್ರೆ ನಿನ್ನ ಟ್ರಕ್ಕಲ್ಲಿ ಉಣಿಸ್ಕೊ ಮರಿ. ಇದು ತಕ್ಕಡಿಯ ಊಟದ ತಟ್ಟೆ, ಇದಕ್ಕೆ ಕೈ ಹಾಕ್ಬೇಡ." ಫೋನ್ ಚಾರ್ಜರ್ ಸೇರಿದರೆ ಡಬ್ಬಿಯ ಕರೆಂಟೂ ಕಲಕುತ್ತದೆ, ಜನರೇಟರಿಗೂ ಇದಕ್ಕೂ ವ್ಯತ್ಯಾಸ ಉಳಿಯುವುದಿಲ್ಲ. ಅದಕ್ಕೇ ಮುಚ್ಚಳದ ನಾಲ್ಕು ತಿರುಪುಗಳ ಮೇಲೂ ಉಗುರಿಗೆ ಹಚ್ಚುವ ಕೆಂಪು ಬಣ್ಣದ ಒಂದೊಂದು ಬೊಟ್ಟು ಇಡುತ್ತಾರೆ. ಯಾರಾದರೂ ತಿರುಪು ಬಿಚ್ಚಿದರೆ ಬೊಟ್ಟು ಒಡೆಯುತ್ತದೆ.

ಈ ವರ್ಷ ಜೂನ್ ತಿಂಗಳ ಪಂದ್ಯದಲ್ಲಿ ಕರ್ಟ್ ಹಾಫರ್ ಎಂಬ ಗುರಿಕಾರನ ಬಂದೂಕು ಹಿಂದಕ್ಕೆ ಉಗುಳಿತು. ಹಿತ್ತಾಳೆಯ ಚೂರು ಕೆನ್ನೆ ಸೀಳಿ ಮೂರು ಹೊಲಿಗೆ ಬಿದ್ದವು. ಕನ್ನಡಕ ಇಲ್ಲದಿದ್ದರೆ ಕಣ್ಣೇ ಹೋಗುತ್ತಿತ್ತು. ಅವನ ಪೆಟ್ಟಿಗೆಯಲ್ಲಿ ಉಳಿದಿದ್ದ ಏಳು ಕಾಡತೂಸುಗಳನ್ನು ಬಿಚ್ಚಿ ಮದ್ದು ತೂಗಿದರು. ಒಂದರಲ್ಲಿ ನಲವತ್ತು ಕಾಳು ಹೆಚ್ಚು, ಇನ್ನೊಂದರಲ್ಲಿ ಎಪ್ಪತ್ತು. ಅಷ್ಟು ಹೆಚ್ಚಾದರೆ ಹಿತ್ತಾಳೆಯ ಚಿಪ್ಪು ಒಡೆಯುತ್ತದೆ. ಅವನ ತಕ್ಕಡಿ ದಾರಿ ತಪ್ಪಿದ್ದು ನಿಜ. ಆ ತಕ್ಕಡಿಗೆ ಕರೆಂಟು ಕೊಡುತ್ತಿದ್ದದ್ದು ಆರ್ಡಿಸ್ ಕಟ್ಟಿದ ಡಬ್ಬಿ ಎಂಬುದೂ ನಿಜ.

ಅಷ್ಟೇ ಸಾಕಾಯಿತು. ಅಧ್ಯಕ್ಷ ಲೈಲ್ ಬೆಕ್ಮನ್ ಸಮಿತಿಯವರನ್ನು ಟ್ರಕ್ಕಿನ ಹಿಂದೆ ಸೇರಿಸಿ ಕಾಲು ಗಂಟೆಯಲ್ಲಿ ತೀರ್ಮಾನ ಮುಗಿಸಿದರು. ಕ್ಲಬ್ಬಿನ ತಿಂಗಳ ಹಾಳೆಯ ಮೊದಲ ಪುಟದಲ್ಲೇ ದಪ್ಪ ಅಕ್ಷರದಲ್ಲಿ ಬಂತು: ಮನೆಯಲ್ಲಿ ಕಟ್ಟಿದ ಬ್ಯಾಟರಿ ಡಬ್ಬಿಯ ದೋಷದಿಂದ ಸದಸ್ಯರೊಬ್ಬರಿಗೆ ಗಾಯವಾಗಿದೆ, ಇನ್ನು ಮುಂದೆ ಅಂಥ ಡಬ್ಬಿಗಳನ್ನು ಶೆಡ್ಡಿಗೆ ತರುವಂತಿಲ್ಲ. ಆ ಹಾಳೆ ಇನ್ನೂರ ಹತ್ತು ಮನೆಗಳಿಗೆ ಹೋಗುತ್ತದೆ. ನಮ್ಮ ಮನೆಗೂ ಬರುತ್ತದೆ. ಓದಿ ನಾನೂ ನಂಬಿದೆ ಎಂಬುದನ್ನು ಇಲ್ಲಿ ಹೇಳದಿದ್ದರೆ ಈ ಬರಹ ಪ್ರಾಮಾಣಿಕವಾಗುವುದಿಲ್ಲ.

ಆ ಡಬ್ಬಿಯನ್ನು ಒಬ್ಬರೂ ಬಿಚ್ಚಿ ನೋಡಿರಲಿಲ್ಲ. ಕೆನ್ನೆಗೆ ಪಟ್ಟಿ ಕಟ್ಟಿಕೊಂಡ ಕರ್ಟ್ ಅದನ್ನು ತನ್ನ ಟ್ರಕ್ಕಿನಲ್ಲಿ ಹಾಕಿಕೊಂಡು ಹೋಗಿದ್ದ. ಒಮ್ಮೆ ತೋರಿಸಿ ಎಂದು ಆರ್ಡಿಸ್ ಲೈಲ್‌ಗೆ ಮೂರು ಸಲ ಫೋನ್ ಮಾಡಿದರು. ಸಮಿತಿ ನೋಡಿಕೊಳ್ಳುತ್ತದೆ, ನೀವು ಮನಸ್ಸಿಗೆ ಹಚ್ಚಿಕೊಳ್ಳಬೇಡಿ ಎಂದರು ಲೈಲ್. ಇನ್ನೊಂದು ಸಂಗತಿಯನ್ನು ಮೂವರ ಬಳಿ ಕೇಳಿ ಖಚಿತ ಮಾಡಿಕೊಂಡ ಮೇಲೆ ಬರೆಯುತ್ತಿದ್ದೇನೆ. ಆ ದಿನ ಏಳು ಕಾಡತೂಸುಗಳ ಮದ್ದು ತೂಗಿದ್ದು ಲೈಲ್ ಅವರದೇ ತಕ್ಕಡಿಯಲ್ಲಿ. ಅದಕ್ಕೆ ಕರೆಂಟು ಬರುತ್ತಿದ್ದದ್ದೂ ಆರ್ಡಿಸ್ ಕಟ್ಟಿದ ಡಬ್ಬಿಯಿಂದಲೇ. ಈ ಹೆಂಗಸಿನ ಡಬ್ಬಿ ಸುಳ್ಳು ಹೇಳುತ್ತದೆ ಎಂದು ಸಾಬೀತು ಮಾಡಲು ಅವರು ಕಣ್ಣು ಮುಚ್ಚಿ ನಂಬಿದ್ದು ಈ ಹೆಂಗಸಿನ ಡಬ್ಬಿಯನ್ನೇ. ಇಷ್ಟು ಗಂಡಸರಲ್ಲಿ ಒಬ್ಬರಿಗೂ ಅದು ಹೊಳೆಯಲಿಲ್ಲವೇ, ಹೊಳೆದೂ ಸುಮ್ಮನಿದ್ದರೇ, ನನಗೆ ಗೊತ್ತಿಲ್ಲ. ಎರಡರಲ್ಲಿ ಯಾವುದಾದರೂ ನಾಚಿಕೆಗೇಡು.

ಹಾಳೆ ಬಂದ ಮೇಲಿನ ಮೂರು ವಾರ ಆರ್ಡಿಸ್ ಸರಿಯಾಗಿ ಉಣ್ಣಲಿಲ್ಲ ಎನ್ನುತ್ತಾರೆ ಮೆಲ್ವಿನ್. ಕಪಾಟಿನಲ್ಲಿದ್ದ ಅಂಕಿಗಳ ಪುಸ್ತಕ ತೆಗೆದು ಆ ಡಬ್ಬಿಯ ಪುಟವನ್ನು ಮತ್ತೆ ಮತ್ತೆ ಓದುತ್ತಿದ್ದರಂತೆ. "ನಂದೇ ತಪ್ಪಿದ್ರೆ ಅಂತ ಭಯ ಆಗ್ತಿತ್ತು," ಎಂದರು ನನ್ನೊಡನೆ. "ಹುಡುಗನ ಕಣ್ಣು ಹೋಗಿದ್ರೆ ನಾನು ಹೇಗೆ ಇರ್ತಿದ್ದೆ ಹೇಳಿ. ನಂದು ತಪ್ಪಿದ್ರೆ ನಾನೇ ಐವತ್ಮೂರನ್ನೂ ವಾಪಸ್ ತರ್ತಿದ್ದೆ. ಆದ್ರೆ ಬಿಚ್ಚಿ ನೋಡ್ದೆ ತಪ್ಪು ಅಂದ್ರಲ್ಲ, ಅದು ತಡ್ಕೊಳಕ್ಕಾಗ್ಲಿಲ್ಲ."

ಜುಲೈ ಪಂದ್ಯದ ಬೆಳಿಗ್ಗೆ ಏಳಕ್ಕೆ ಗುರಿಕಾರರ ಸಭೆ ಸೇರಿತು. ಪಂದ್ಯಕ್ಕೆ ಮುಂಚೆ ಈ ಸಭೆಗೆ ಎಲ್ಲರೂ ಬರಲೇಬೇಕು. ನಿಯಮಗಳನ್ನು ಓದಿ ಮುಗಿಸಿ ಪ್ರಶ್ನೆಗಳಿವೆಯೇ ಎಂದು ಲೈಲ್ ಕೇಳಿದರು. ಯಾವತ್ತೂ ಬಾಯಿ ತೆರೆಯದ ಆರ್ಡಿಸ್ ಹಿಂದಿನ ಸಾಲಿನಿಂದ ಎದ್ದು ನಿಂತು, ಡಬ್ಬಿಯನ್ನು ಈಗ, ಎಲ್ಲರೆದುರು ಬಿಚ್ಚಿ ಎಂದರು. ಲೈಲ್ ಗಡಿಯಾರ ನೋಡಿ, ಗಾಳಿ ಏಳುವ ಮುಂಚೆ ಪಂದ್ಯ ಶುರುವಾಗಬೇಕು, ಇದೆಲ್ಲ ಆಮೇಲೆ ಎಂದರು. ಆರ್ಡಿಸ್ ಕೂರಲಿಲ್ಲ. ಯಾರೋ ಹಿಂದಿನಿಂದ ನಕ್ಕರು. ಆಗ ಮೆಲ್ವಿನ್ ಎದ್ದು, ನನ್ನ ಹೆಂಡತಿ ನಿಂತಿರುವ ತನಕ ನಾನೂ ನಿಂತಿರುತ್ತೇನೆ, ನನಗೆ ಮಂಡಿ ನೋವು, ಬೇಗ ಮುಗಿಸಿ ಎಂದರು. ಒಬ್ಬೊಬ್ಬರಾಗಿ ಇನ್ನೂ ಹನ್ನೊಂದು ಜನ ಎದ್ದರು. ಕರ್ಟ್ ಟ್ರಕ್ಕಿನಿಂದ ಡಬ್ಬಿ ತಂದ.

ಮುಚ್ಚಳದ ನಾಲ್ಕು ಬೊಟ್ಟುಗಳೂ ಒಡೆದಿದ್ದವು. ಡಬ್ಬಿಯ ತಳದಲ್ಲಿ ಎರಡನೆಯ ತೂತು. ಒಳಗೆ ಬ್ಯಾಟರಿಯಿಂದ ಕವಲೊಡೆಸಿದ ಎರಡು ತಂತಿ, ಅವುಗಳ ತುದಿಗೆ ಕಾರಿನಲ್ಲಿ ಬಳಸುವ ಅಗ್ಗದ ಫೋನ್ ಚಾರ್ಜರ್, ಸುತ್ತ ಕಪ್ಪು ಟೇಪು. ಆರ್ಡಿಸ್ ತಾವು ತಂದಿದ್ದ ಪುಟ್ಟ ತೂಕದ ಬಿಲ್ಲೆಯನ್ನು ಆ ಡಬ್ಬಿಗೆ ಜೋಡಿಸಿದ ತಕ್ಕಡಿಯ ಮೇಲಿಟ್ಟು, ಆ ಚಾರ್ಜರಿಗೆ ಒಂದು ಫೋನ್ ಸಿಕ್ಕಿಸಿ ಪಕ್ಕದಲ್ಲಿಟ್ಟರು. ಮೂವತ್ತೆಂಟು ಜನರ ಕಣ್ಣೆದುರೇ ಅಂಕಿ ಇಳಿಯತೊಡಗಿತು. ತಕ್ಕಡಿ ಕಡಿಮೆ ತೋರಿಸಿದಷ್ಟೂ ಮದ್ದು ಹಾಕುವವನು ಹೆಚ್ಚು ಹೆಚ್ಚು ಹಾಕುತ್ತಾನೆ. ಯಾರೂ ವಿವರಿಸಿ ಹೇಳಬೇಕಾಗಿರಲಿಲ್ಲ.

ಕರ್ಟ್ ಕೆಟ್ಟವನಲ್ಲ, ಅವನ ಮೇಲೆ ಅನ್ಯಾಯದ ಮಾತು ಬರೆಯಬಾರದು. ಫೋನಿನಲ್ಲಿ ಗಾಳಿಯ ಲೆಕ್ಕ ನೋಡುತ್ತಿರಬೇಕಿತ್ತು, ಮಧ್ಯಾಹ್ನದ ಹೊತ್ತಿಗೆ ಅದರ ಚಾರ್ಜು ಮುಗಿಯುತ್ತಿತ್ತು, ಬರೀ ಒಂದು ಫೋನಿಗೆ ಏನಾಗುತ್ತದೆ ಅಂದುಕೊಂಡೆ ಎಂದ. ಗುರಿಕಾರರಲ್ಲಿ ಅರ್ಧಕ್ಕರ್ಧ ಜನ ಹಾಗೇ ಅಂದುಕೊಂಡಿರುತ್ತಾರೆ. ಜೂನ್‌ನಲ್ಲಿ ಆ ತಂತಿಯ ವಿಷಯ ಯಾಕೆ ಹೇಳಲಿಲ್ಲ ಎಂದು ನಾನು ಕೇಳಿದೆ. ಯಾರೂ ಕೇಳಲಿಲ್ಲವಲ್ಲ ಎಂದ.

ನನಗೆ ಸಿಟ್ಟು ಬರುವುದು ಆಮೇಲೆ ನಡೆದದ್ದಕ್ಕೆ. ಆಗಸ್ಟ್ ತಿಂಗಳ ಹಾಳೆಯ ನಾಲ್ಕನೆಯ ಪುಟದ ಮೂಲೆಯಲ್ಲಿ ಒಂದು ಸಾಲು ಬಂತು: ಬ್ಯಾಟರಿ ಡಬ್ಬಿಗಳಿಗೆ ಮತ್ತೆ ಅನುಮತಿ ಇದೆ. ಯಾಕೆ ತೆಗೆದರು, ಯಾಕೆ ಮತ್ತೆ ಕೊಟ್ಟರು, ಒಂದಕ್ಷರ ಇಲ್ಲ. ಅದರ ಮೇಲೆ ಕಾಲು ಪುಟದಷ್ಟು ದೊಡ್ಡದಾಗಿ, ಕೇಕಿನ ಸ್ಪರ್ಧೆಯಲ್ಲಿ ಗೆದ್ದವರ ಫೋಟೊ. ಜಾಗ ಇರಲಿಲ್ಲ ಎಂದರು ಲೈಲ್. ಅಲ್ಲಿದ್ದವರಿಗೆಲ್ಲ ಗೊತ್ತಾಯಿತಲ್ಲ, ಇನ್ನೇನು ಎಂದರು. ಅಲ್ಲಿದ್ದವರು ಮೂವತ್ತೆಂಟು. ದೋಷದ ಸುದ್ದಿ ತಲುಪಿದ್ದು ಇನ್ನೂರ ಹತ್ತು ಮನೆಗೆ. ಪಕ್ಕದ ಜಿಲ್ಲೆಯ ಇಬ್ಬರು ತಮ್ಮ ಡಬ್ಬಿಗಳನ್ನು ಆರ್ಡಿಸ್ ಮನೆಯ ಮೆಟ್ಟಿಲ ಮೇಲೆ ಇಟ್ಟು, ಬಾಗಿಲೂ ತಟ್ಟದೆ ಹೋಗಿದ್ದಾರೆ.

ಇಷ್ಟಾದ ಮೇಲೂ ಕ್ಲಬ್ಬಿಗೆ ಸಂಕೋಚ ಇಲ್ಲ. ಸೆಪ್ಟೆಂಬರ್‌ನಲ್ಲಿ ಮೂರು ರಾಜ್ಯಗಳ ಪಂದ್ಯ ಇಲ್ಲೇ ನಡೆಯಲಿದೆ. ಹೊರಗಿನಿಂದ ಬರುವವರಿಗೆಂದು ಆರು ಡಬ್ಬಿ ಕಟ್ಟಿಕೊಡಿ ಎಂದು ಲೈಲ್ ಕೇಳಿದ್ದಾರೆ. ಮೇಲೆ ಕ್ಲಬ್ಬಿನ ಹೆಸರು ಬರೆಸಬೇಕಂತೆ. ಆರ್ಡಿಸ್ ಆಗಲೆಂದರು. ನಾನು ಅವರ ಮನೆಗೆ ಹೋದಾಗ ಆರೂ ಸಿದ್ಧವಾಗಿ ಕಪಾಟಿನಲ್ಲಿದ್ದವು. ಮೂರು ದಿನದ ಪರೀಕ್ಷೆಯೂ ಮುಗಿದಿತ್ತು. ಇಷ್ಟೆಲ್ಲ ಮಾಡಿದವರಿಗೆ ಯಾಕೆ ಕಟ್ಟಿದಿರಿ ಎಂದು ನನ್ನ ಬಾಯಿಂದ ಬಂದೇಬಿಟ್ಟಿತು.

ಅವರು ಊದಿದ ಬೆರಳುಗಳಿಂದ ಒಂದು ಚೀಟಿ ತೆಗೆದು ತೋರಿಸಿದರು. ಹಾಳೆಯಲ್ಲಿ ಅಚ್ಚು ಹಾಕಲೆಂದು ಲೈಲ್‌ಗೆ ಬರೆದುಕೊಟ್ಟದ್ದರ ನಕಲು. ಅದರಲ್ಲಿ ಕರ್ಟ್ ಹೆಸರಿಲ್ಲ, ಸಮಿತಿಯ ಹೆಸರಿಲ್ಲ, ಅವರ ಹೆಸರೂ ಇಲ್ಲ. ಇರುವುದು ಮೂರೇ ಪದ: ಡಬ್ಬಿ ಸರಿಯಾಗಿಯೇ ಇತ್ತು.

"ಕ್ಷಮೆ ಗಿಮೆ ಏನೂ ಬೇಡ ನಂಗೆ," ಎಂದರು. "ಇಷ್ಟು, ಮೊದಲನೇ ಪುಟದಲ್ಲಿ, ಅವತ್ತು ಹಾಕಿದ್ರಲ್ಲ ಅಷ್ಟೇ ದಪ್ಪ ಅಕ್ಷರದಲ್ಲಿ ಹಾಕ್ಲಿ. ಆ ಹಾಳೆ ಕೈಲಿ ಹಿಡ್ಕೊಂಡು ಬಂದು ಆರನ್ನೂ ತಗೊಂಡು ಹೋಗ್ಲಿ. ಅಲ್ಲಿ ತನಕ ಇವು ಇಲ್ಲೇ ಇರ್ತವೆ. ಕೆಡೋ ವಸ್ತು ಅಲ್ಲ, ನಾನೇ ಕಟ್ಟಿರೋದು."