ಮೇಣದ ಮಾತು ಹೇಳದೆ ಹೋದದ್ದು

ಪೊಲೀಸ್ ಶಸ್ತ್ರಾಗಾರದಲ್ಲಿ ಇಪ್ಪತ್ತೊಂಬತ್ತು ವರ್ಷ ಆರ್ಮರರ್ ಆಗಿ, ಅಂದರೆ ಬಂದೂಕುಗಳ ರಿಪೇರಿ ನೋಡಿಕೊಂಡಿದ್ದು, ನಿವೃತ್ತನಾಗಿ ಜಹೀರಾಬಾದಿನಲ್ಲಿ ನೆಲೆಸಿದ ಮರುವರ್ಷದ ಮಾತಿದು. ಸುಮ್ಮನೆ ಕೂರುವುದು ನನ್ನ ಜಾತಕದಲ್ಲೇ ಇಲ್ಲ. ಕೇಳಿದವರಿಗೆ ಸಲಹೆ ಕೊಡುತ್ತಿದ್ದೆ, ಕೇಳದವರಿಗೂ ಕೊಡುತ್ತಿದ್ದೆ.

ನಾರಾಯಣಖೇಡದ ಶಾಲೆಯೊಂದರಲ್ಲಿ ವ್ಯಾಯಾಮ ಶಿಕ್ಷಕಿಯಾಗಿದ್ದ ಮಹಾದೇವಿ ಗುರಿ ಸ್ಪರ್ಧೆಗಳಿಗೆ ಇಳಿಯುತ್ತಿದ್ದಳು. ಅವಳ ಲೈಸೆನ್ಸಿನಲ್ಲಿ ಒಂದು ಹಳೆಯ .22 ಬೋಲ್ಟ್ ಆಕ್ಷನ್ ರೈಫಲ್ ಇತ್ತು. ಐವತ್ತು ಮೀಟರಿನಲ್ಲಿ ಒಂದೇ ಕಡೆ ಬೀಳಬೇಕಾದ ಗುಂಡುಗಳು ಬೆಳಗ್ಗೆ ಎಡಕ್ಕೆ, ಮಧ್ಯಾಹ್ನ ಮೇಲಕ್ಕೆ ಹೋಗುತ್ತಿದ್ದವು. ಸ್ಕ್ರೂ ಬಿಗಿದಂತೆಲ್ಲ ಭುಜಕ್ಕೆ ಒರಗಿಸುವ ಕಟ್ಟಿಗೆಯ ಸ್ಟಾಕ್ ಕುಗ್ಗಿ, ಅದರ ಮೇಲೆ ಕೂತ ಉಕ್ಕಿನ ಭಾಗ ಅಲುಗುತ್ತಿತ್ತು. ಇದಕ್ಕೆ ಮದ್ದು ಪಿಲ್ಲರ್ ಬೆಡ್ಡಿಂಗ್. ಎರಡು ಸ್ಕ್ರೂಗಳ ಸುತ್ತ ಅಲ್ಯೂಮಿನಿಯಂ ಕೊಳವೆ ಕೂರಿಸಿದರೆ ಬಿಗಿತವೆಲ್ಲ ಲೋಹದ ಮೇಲೆ ಬೀಳುತ್ತದೆ. ಉಳಿದ ಸಂದಿಗೆ ಎಪಾಕ್ಸಿ ಅಂಟು ತುಂಬಿದರೆ ಉಕ್ಕಿಗೆ ಹೇಳಿ ಮಾಡಿಸಿದ ಹಾಸಿಗೆ ಸಿಗುತ್ತದೆ.

ಅವಳ ತಂದೆ ಶರಣಪ್ಪ ತಾಂಡೂರಿನಲ್ಲಿ ಮನೆಗಳಿಗೆ ಕಲ್ಲು ಕೂರಿಸುವವರು. ಎಪಾಕ್ಸಿ ಅವರಿಗೆ ನೀರು ಕುಡಿದಷ್ಟು ಸಲೀಸು. "ಮನೀಯಾಗೇ ಮಾಡ್ರಿ, ಮಗಳು ಮುಂದ ಇರಲಿ" ಎಂದು ಅವರಿಗೆ ಫೋನಿನಲ್ಲಿ ಹದಿನೈದು ನಿಮಿಷ ವಿವರಿಸಿದೆ.

ಭಾನುವಾರ ಆಯ್ಕೆ ಸ್ಪರ್ಧೆ. ಶುಕ್ರವಾರ ಬೆಳಗ್ಗೆ ತಂದೆ ಮಗಳು ಇಬ್ಬರೂ ನನ್ನ ಬಾಗಿಲಲ್ಲಿದ್ದರು. ಸ್ಕ್ರೂ ಬಿಚ್ಚಿದ್ದರೂ ಉಕ್ಕು ಸ್ಟಾಕನ್ನು ಬಿಟ್ಟು ಮೇಲೇಳುತ್ತಿರಲಿಲ್ಲ.

"ಮೇಣ ಹಚ್ಚಿದ್ರೇನ್ರಿ?" ಎಂದೆ.

"ಮೇಣ ಯಾಕ್ರಿ ಸಾಹೇಬ್ರ?" ಎಂದರು ಶರಣಪ್ಪ. "ಬೆನ್ನು ಗೀರದೆ ಹಚ್ಚಿದ್ರ ಕಲ್ಲು ಕಳಚಿ ಬೀಳತದ್ರಿ. ಅದಕ್ಕ ಕಬ್ಬಿಣದ ಬೆನ್ನು ಭಿ ಎಮರಿ ಕಾಗದದಿಂದ ಗೀರೀನ್ರಿ."

ಎಪಾಕ್ಸಿ ಕಟ್ಟಿಗೆಯನ್ನು ಹಿಡಿಯಬೇಕು, ಉಕ್ಕನ್ನು ಬಿಡಬೇಕು. ಅದಕ್ಕೇ ಉಕ್ಕಿಗೆ ಮೊದಲು ಮೇಣ. ನಮ್ಮ ಕೆಲಸದಲ್ಲಿ ಇದು ಮೊದಲ ವಾರದ ಪಾಠ. ಅಷ್ಟು ಗೊತ್ತಿದ್ದದ್ದರಿಂದಲೇ ನಾನದನ್ನು ಬಾಯಿಬಿಟ್ಟು ಹೇಳಿರಲಿಲ್ಲ.

ಸುತ್ತಿಗೆ ಹಾಕಿದರೆ ಸ್ಟಾಕ್ ಸೀಳುತ್ತದೆ. ಉಳಿದ ದಾರಿ ತಂಪು. ಉಕ್ಕು ಕುಗ್ಗಿದರೆ ಹಿಡಿತ ಬಿಡಬಹುದು. ಕೊಹೀರಿನಲ್ಲಿ ನನ್ನ ಭಾವಮೈದುನನ ಐಸ್‌ಕ್ರೀಮ್ ಗೋದಾಮಿಗೆ ಮೂವರೂ ಹೋದೆವು. ಗುಂಡು ತುಂಬುವ ಬೋಲ್ಟ್ ಕಳಚಿ, ರೈಫಲ್ಲನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ದೊಡ್ಡ ಫ್ರೀಜರಿನಲ್ಲಿ ಮಲಗಿಸಿದೆ. ಲೈಸೆನ್ಸ್ ಇದ್ದವಳು ಆಯುಧ ಬಿಟ್ಟು ಕದಲುವಂತಿಲ್ಲ. ಮಹಾದೇವಿ ಹಾಲಿನ ಕ್ರೇಟಿನ ಮೇಲೆ ಕೂತಳು. ನಾನು ಕೂರಲಾರದೆ ಬಾಗಿಲಿಗೂ ಫ್ರೀಜರಿಗೂ ಓಡಾಡಿದೆ.

ಸಂಜೆ ನಾಲ್ಕು ಗಂಟೆಗೆ ತೆಗೆದು ರಬ್ಬರ್ ಸುತ್ತಿಗೆಯಿಂದ ತಟ್ಟಿದೆ. ಕದಲಲಿಲ್ಲ.

"ಇನ್ನೊಂದ್ಸಲ ಇಡ್ರಿ ಕಾಕಾ" ಎಂದಳು. "ನೀವು ಮೊದಲ ಕೂಡ್ರಿ, ನಿಮ್ಮನ್ನ ನೋಡಿ ನಂಗೂ ಹೆದರಿಕಿ ಆಗ್ಲಿಕತ್ತದ."

ಮತ್ತೆ ಒಳಗಿಟ್ಟು ಕೂತೆ. ಇನ್ನೆರಡು ಗಂಟೆ ಕಳೆದ ಮೇಲೆ, ಮೂರನೇ ಸಲ ತಟ್ಟಿದಾಗ ಟಕ್ಕೆಂದು ಬಿಟ್ಟಿತು. ಸ್ಟಾಕ್ ಸೀಳಿರಲಿಲ್ಲ.

ಸ್ಟಾಕನ್ನು ಬೆಳಕಿಗೆ ಹಿಡಿದು ಒಳಗೆ ನೋಡಿದೆ. ಉಕ್ಕಿನ ಮೇಲೆ ಗೀರಿದ ಗುರುತುಗಳೂ ಎಪಾಕ್ಸಿಯಲ್ಲಿ ಅಚ್ಚಾಗಿದ್ದವು. ಎಲ್ಲೂ ಒಂದು ಗಾಳಿಗುಳ್ಳೆ ಇಲ್ಲ. ಮಟ್ಟಗೋಲು ಇಟ್ಟರೆ ಎರಡು ಪಿಲ್ಲರುಗಳ ನಡುವೆ ಕೂದಲೆಳೆಯ ವ್ಯತ್ಯಾಸವಿಲ್ಲ. ಇಷ್ಟು ವರ್ಷಗಳಲ್ಲಿ ನಾನು ಮಾಡಿದ ಯಾವ ಬೆಡ್ಡಿಂಗೂ ಇಷ್ಟು ಚೆನ್ನಾಗಿರಲಿಲ್ಲ. ಹೊಟ್ಟೆಕಿಚ್ಚೇ ಆಯಿತು. ಮತ್ತೆ ಎಪಾಕ್ಸಿ ಹಾಕುವ ಅಗತ್ಯವೇ ಬೀಳಲಿಲ್ಲ. ಉಕ್ಕನ್ನು ನುಣ್ಣಗೆ ಉಜ್ಜಿ, ಮೇಣ ತಿಕ್ಕಿ, ಸ್ಕ್ರೂ ಬಿಗಿದೆ.

"ತಪ್ಪು ನನ್ನದು ಶರಣಪ್ಪನವರೇ" ಎಂದೆ.

ಅವರು ಸ್ಟಾಕಿನ ಮೇಲೆ ಕೈಯಾಡಿಸುತ್ತ, "ಹಚ್ಚಿದ್ದು ಬಿಡಬಾರದಂತಲೇ ಹಚ್ಚಿಕೋತ ಬಂದೀನ್ರಿ. ಬಿಡಲಿ ಅಂತ ಹಚ್ಚೋದು ಇದೇ ಮೊದಲ ಕೇಳಿದ್ದು" ಎಂದರು.

ಭಾನುವಾರ ಮಹಾದೇವಿಯ ಕೊನೆಯ ಹತ್ತು ಗುಂಡುಗಳ ತೂತುಗಳನ್ನು ಒಂದು ರೂಪಾಯಿ ನಾಣ್ಯದಿಂದ ಮುಚ್ಚಬಹುದಿತ್ತು. ಅವಳು ಆಯ್ಕೆಯಾದಳು.

ಕಸುಬು ನನಗೆ ಕಲಿಸಿದ ಕೊನೆಯ ಪಾಠ ನಿವೃತ್ತನಾದ ಮೇಲೆ ಬಂತು: ಇದನ್ನೇನು ಹೇಳುವುದು ಎಂದು ನಮಗೆ ಅನ್ನಿಸುವ ಮಾತನ್ನೇ ಮೊದಲು ಹೇಳಬೇಕು. ಈಗ ಯಾರಾದರೂ ಬೆಡ್ಡಿಂಗ್ ಬಗ್ಗೆ ಫೋನ್ ಮಾಡಿದರೆ, ಕ್ಷೇಮ ಸಮಾಚಾರಕ್ಕೂ ಮುಂಚೆ ಮೇಣದ ಮಾತು ಆಡುತ್ತೇನೆ. ಆಮೇಲೆ ತಾಂಡೂರಿನ ಶರಣಪ್ಪನವರ ನಂಬರ್ ಕೊಡುತ್ತೇನೆ.