ಅರ್ಧ ಪೆಡಲಿನ ಜಾಗ

ಮಲ್ಲಣ್ಣ, ಕೆಟ್ಟದ್ದು ನಿನ್ನ ಕಾಲಲ್ಲ. ಕೆಟ್ಟದ್ದು ಲಾರಿಯ ಆಕ್ಸಿಲರೇಟರ್ ಪೆಡಲಿಗಿದ್ದ ಸೆನ್ಸರು. ಇದು ನನಗೆ ಆರು ವರ್ಷದಿಂದ ಗೊತ್ತು. ಗೊತ್ತಿದ್ದೂ ನಿನಗೆ ಹೇಳಲಿಲ್ಲ.

ಇಷ್ಟು ಬರೆಯಲು ನಾಲ್ಕು ಹಾಳೆ ಹರಿದಿದ್ದೇನೆ. ಹರಿದ ಹಾಳೆಗಳಲ್ಲೆಲ್ಲ ‘ಪರಿಸ್ಥಿತಿ’ ಎಂಬ ಮಹಾಶಯರು ಬಂದು ಕುಳಿತಿದ್ದರು. ತಪ್ಪು ಮಾಡಿದವನಿಗೆ ಅವರಷ್ಟು ಆಪ್ತರು ಬೇರೆ ಇಲ್ಲ. ಈಗ ಅವರನ್ನು ಹೊರಗೆ ಕಳಿಸಿ ಒಬ್ಬನೇ ಕುಳಿತಿದ್ದೇನೆ.

ಬೈಕುಲ್ಲಾದ ನಮ್ಮ ಗಲ್ಲಿಯಲ್ಲಿ ನನ್ನ ಕಿವಿಗೆ ಹೈಕೋರ್ಟಿನ ಮರ್ಯಾದೆ ಇತ್ತಲ್ಲ — ನೀನೇ ನೋಡಿದ್ದೀಯ. ಸ್ಕ್ರೂಡ್ರೈವರಿನ ತುದಿ ಇಂಜಿನ್ನಿಗೆ, ಹಿಡಿಕೆ ಕಿವಿಗೆ, ಕಣ್ಣು ಮುಚ್ಚಿದರೆ ತೀರ್ಪು. ಮೇಲ್ಮನವಿಗೆ ಅವಕಾಶವಿರಲಿಲ್ಲ. ಗ್ಯಾರೇಜಿನ ಕಪಾಟಿನಲ್ಲಿ ಕರೆಂಟು ಅಳೆಯುವ ಮೀಟರೂ ಒಂದಿತ್ತು. ಅದು ಕಿವಿ ಇಲ್ಲದವರ ಸಾಮಾನು ಎಂದು ನಾನೇ ನಗುತ್ತಿದ್ದೆ.

ನೀನು ಓಡಿಸುತ್ತಿದ್ದದ್ದು ಘಾಟ್ಕೋಪರಿನ ಸೇಠನ ಲಾರಿ. ಮುಂಬಯಿಯಲ್ಲಿ ಕಬ್ಬಿಣ ಹೇರಿಕೊಂಡು ಕಸಾರಾ ಘಾಟ್ ಹತ್ತಿ ನಾಸಿಕ್‌ಗೆ. ಹನ್ನೊಂದು ವರ್ಷ ಅದೇ ಲಾರಿ, ಅದೇ ಘಾಟ್, ಅದೇ ನೀನು. ಆ ಸಲ ಬಂದವನು ಬಾನೆಟ್ಟನ್ನೂ ಎತ್ತಗೊಡದೆ ನನ್ನನ್ನು ನೇರ ಕ್ಯಾಬಿನ್ನಿಗೆ ಹತ್ತಿಸಿದೆ. ಪೆಡಲನ್ನು ಅಂಗೈಯಿಂದ ಮೆಲ್ಲಗೆ ಒತ್ತಿ, ನಡುವೆ ಒಂದು ಕಡೆ ನಿಲ್ಲಿಸಿದೆ.

“ಇಲ್ಲಿ ನೋಡು ಮಿಸ್ತ್ರಿ. ಅರ್ಧಕ್ಕಿಂತ ಒಂಚೂರು ಮೊದಲ. ಈ ಜಾಗಾಕ್ಕ ಬಂದಾಗ ಜೀವಾ ಬಿಡತೈತಿ. ಕಾಲು ಇದ್ದಲ್ಲೇ ಐತಿ, ಇಂಜಿನ್ ಕೂತುಬಿಡತೈತಿ. ಕೀಲಿ ತಿರುವಿ ಮತ್ತ ಚಾಲು ಮಾಡಿದ್ರ ಸುಮ್ಮನ ಹೊಕ್ಕೈತಿ.”

“ಕಿವಿ ನಂದೈತೋ ನಿಂದೈತೋ?” ಎಂದೆ ನಾನು. “ಡ್ರೈವರು ರೋಗ ಹೇಳಬೇಕು, ಔಷಧ ಹೇಳಬಾರದು.”

ಸ್ಕ್ರೂಡ್ರೈವರ್ ಇಟ್ಟು ಕೇಳಿದೆ. ಇಂಜಿನ್ನು ಭಜನೆಯಂತೆ ಹಾಡುತ್ತಿತ್ತು. ಖಾಲಿ ಲಾರಿಯನ್ನು ಸಮತಟ್ಟಾದ ರಸ್ತೆಯಲ್ಲಿ ಓಡಿಸಿ ಬಂದೆ. ಪೆಡಲನ್ನು ಒಂದೇ ಏಟಿಗೆ ತಳಕ್ಕೆ ತುಳಿದರೆ ನಡುವಿನ ಜಾಗ ಎಲ್ಲಿ ಸಿಗಬೇಕು — ಅದು ನನಗೆ ಆಗ ಹೊಳೆಯಲಿಲ್ಲ. ಹೊಳೆಯಲಿಲ್ಲ ಎನ್ನುವುದೂ ಪೂರ್ತಿ ನಿಜವಲ್ಲ. ನೀನು ಬೆರಳಿಟ್ಟು ತೋರಿಸಿದ ಜಾಗವನ್ನೇ ನಾನು ನೋಡಿದರೆ, ನನ್ನ ಕಿವಿಯ ಗತಿ ಏನು?

ಅವತ್ತೇ ನೀನು ಸಕ್ಕರೆ ಇಲ್ಲದ ಚಹಾ ಕುಡಿಯುತ್ತ, ದನಿ ತಗ್ಗಿಸಿ ಹೇಳಿದ್ದು: “ಯಾರ ಮುಂದೂ ಅನಬ್ಯಾಡ. ಮುಂಜಾನೆ ಎದ್ದಾಗ ಕಾಲಬೆರಳು ಸ್ವಲ್ಪ ಜೋಮು ಹಿಡದಂಗ ಆಗತಾವ. ಗಾಡಿ ಹೊಡಿಲಿಕ್ಕೆ ತೊಂದ್ರಿ ಇಲ್ಲ ಅಂದಾರ ಡಾಕ್ಟರು.”

“ನನ್ನ ಹೊಟ್ಯಾಗ ಹೋದದ್ದು ಹೊರಗ ಬರೂದಿಲ್ಲ,” ಎಂದೆ.

ಆಮೇಲೆ ಒಂದು ವಾರ ಆಗಿತ್ತೋ ಇಲ್ಲವೋ. ಘಾಟಿನ ಏರಿನಲ್ಲಿ, ಪೂರ್ತಿ ಲೋಡಿನಲ್ಲಿ, ಇಂಜಿನ್ ಕುಸಿಯಿತು. ನೀನು ಬ್ರೇಕು ಹಿಡಿಯುವಷ್ಟರಲ್ಲಿ ಲಾರಿ ಹಿಂದೆ ಜಾರಿ, ಹಿಂದಿದ್ದ ಕಾರಿನ ಮೂತಿ ಜಜ್ಜಿತು. ಯಾರಿಗೂ ಗಾಯವಾಗಲಿಲ್ಲ. ಕಾರಿನ ಹಿಂದಿನ ಸೀಟಿನಲ್ಲಿ ಇಬ್ಬರು ಮಕ್ಕಳಿದ್ದರು ಎಂದು ನೀನು ಹತ್ತು ಸಲ ಹೇಳಿದೆ.

ಸೇಠ್ ಗ್ಯಾರೇಜಿಗೇ ಬಂದ. ಗಲ್ಲಿಯ ಮಂದಿಯೆಲ್ಲ ನಿಂತಿದ್ದರು. “ಮಿಸ್ತ್ರಿ, ಸಚ್ ಬೋಲೋ,” ಎಂದ. “ಖೋಟ್ ಗಾಡಿ ಮೇ ಹೈ ಯಾ ಡ್ರೈವರ್ ಮೇ?” ನಿಜ ಹೇಳು, ದೋಷ ಗಾಡಿಯದೋ, ಡ್ರೈವರನದೋ.

ವಾರದ ಹಿಂದೆ ‘ಗಾಡಿ ಸರಿ ಇದೆ’ ಎಂದು ಬಿಟ್ಟವನು ನಾನು. ಗಾಡಿಯದು ಅಂದರೆ ತಪ್ಪು ನನ್ನದಾಗುತ್ತಿತ್ತು. ನೀನು ನನ್ನ ಮುಖವನ್ನೇ ನೋಡುತ್ತಿದ್ದೆ. ಒಂದಿಷ್ಟೂ ಅಂಜಿಕೆ ಇರಲಿಲ್ಲ ನಿನಗೆ — ನಾನು ಇದ್ದೇನಲ್ಲ ಎಂದು.

“ಗಾಡಿ ಸರಿ ಐತಿ. ಮಲ್ಲಣ್ಣಂಗ ಸಕ್ಕರಿ ಐತಿ, ಕಾಲು ಜೋಮು ಹಿಡೀತಾವ. ಪೆಡಲ್ ಮ್ಯಾಲಿಂದ ಕಾಲು ಸರದಿದ್ದು ಅವಂಗ ಗೊತ್ತಾಗಿಲ್ಲ.”

ಇದನ್ನೇ ಸೇಠನಿಗೆ ಹಿಂದಿಯಲ್ಲಿ ಮತ್ತೊಮ್ಮೆ ಹೇಳಿದೆ. ಒಂದೇ ಪಾಪವನ್ನು ಎರಡು ಭಾಷೆಗಳಲ್ಲಿ ಮಾಡುವ ಸೌಕರ್ಯ ಈ ಊರಿನಲ್ಲಿದೆ.

ನೀನು ಬಗ್ಗಿ ನಿನ್ನ ಬಲಗಾಲನ್ನು ನೋಡಿದೆ — ಯಾರದೋ ಕಾಲನ್ನು ನೋಡುವವನಂತೆ. ಕೀಲಿಯನ್ನು ಸೇಠನ ಕೈಗೆ ಕೊಟ್ಟು ಹೋದೆ.

ಮೂರು ವಾರಕ್ಕೆ ಹೊಸ ಡ್ರೈವರ್ ಬಂದ. ಕುಸ್ತಿ ಆಡುವ ಕಾಲು ಅವನದು. ಅದೇ ಘಾಟ್, ಅದೇ ಏರು, ಅದೇ ದೂರು. ಈ ಕಾಲಿಗೂ ಸಕ್ಕರೆ ಬಂದಿದೆ ಎನ್ನುವ ಧೈರ್ಯ ನನಗೂ ಇರಲಿಲ್ಲ. ಅವನನ್ನು ಊಟಕ್ಕೆ ಕಳಿಸಿ, ಕಪಾಟಿನಿಂದ ಮೀಟರು ತೆಗೆದೆ. ಪೆಡಲಿನ ಸೆನ್ಸರು ಎಂದರೆ ಕಾಲು ಎಷ್ಟು ಒತ್ತಿತೆಂದು ಇಂಜಿನ್ನಿಗೆ ಸುದ್ದಿ ಮುಟ್ಟಿಸುವ ಡಬ್ಬಿ. ಅದರ ವಯರಿಗೆ ಮೀಟರು ಹಚ್ಚಿ, ಕೀಲಿ ತಿರುವಿ, ಪೆಡಲನ್ನು ಅಂಗೈಯಿಂದ ಮೆಲ್ಲಗೆ ಒತ್ತಿದೆ — ನೀನು ಒತ್ತಿದ ಹಾಗೆಯೇ. ಮುಳ್ಳು ಏರಿತು, ಏರಿತು. ಅರ್ಧಕ್ಕಿಂತ ಒಂಚೂರು ಮೊದಲು ಸೊನ್ನೆಗೆ ಬಿತ್ತು. ಇನ್ನಷ್ಟು ಒತ್ತಿದರೆ ಮತ್ತೆ ಎದ್ದಿತು. ಹತ್ತು ಸಲ ಒತ್ತಿದೆ. ಹತ್ತು ಸಲವೂ ನೀನು ತೋರಿಸಿದ ಜಾಗದಲ್ಲೇ.

ಹೊಸ ಸೆನ್ಸರು ತಂದು ಹಾಕಲು ಎಷ್ಟು ಹೊತ್ತು ಗೊತ್ತೇ? ಮೂರು ಬೋಲ್ಟು, ಒಂದು ಸಾಕೆಟ್ಟು. ಹಾಕಿದ ಮೇಲೆ ಮುಳ್ಳು ಎಲ್ಲಿಯೂ ಬೀಳದೆ ತುದಿಯವರೆಗೆ ಏರಿತು. ನಿನ್ನ ಹನ್ನೊಂದು ವರ್ಷದ ಕೆಲಸ ಹೋದದ್ದು ಅರ್ಧ ಗಂಟೆಯ ಕೆಲಸಕ್ಕೆ.

ನಮ್ಮ ಕಸುಬಿನ ರೀತಿ ನಿನಗೆ ಗೊತ್ತು: ತೆಗೆದ ಹಳೆ ಪಾರ್ಟನ್ನು ಪೇಪರಿನಲ್ಲಿ ಸುತ್ತಿ ಡ್ರೈವರನ ಕೈಗೆ ಕೊಡಬೇಕು, ಅವನು ಮಾಲಕನಿಗೆ ತೋರಿಸಬೇಕು. ಮೂವತ್ತು ವರ್ಷ ಒಂದು ವಾಷರನ್ನೂ ನಾನು ಇಟ್ಟುಕೊಂಡವನಲ್ಲ. ಊಟ ಮುಗಿಸಿ ಬಂದ ಹೊಸ ಡ್ರೈವರ್ ಕೈ ಚಾಚಿದ.

“ಹಳೇದು ಕೊಟ್ರ ಹೊಸಾದು ಕೊಡೂದು. ಅಂಗಡ್ಯಾಂವ ಇಟ್ಕೊಂಡ,” ಎಂದೆ. ಸೇಠ್ ಫೋನು ಮಾಡಿದಾಗ ‘ಒಂದು ಪಾರ್ಟು ಮೊನ್ನೆಯಷ್ಟೇ ಕೆಟ್ಟಿತ್ತು, ಬದಲಿಸಿದೆ’ ಎಂದೆ. ಹಳೆ ಸೆನ್ಸರು ಅಷ್ಟೊತ್ತಿಗೆ ನನ್ನ ಅಂಗಿಯ ಜೇಬಿನಲ್ಲಿತ್ತು.

ಆಗಲೇ ನಿನ್ನ ಬಳಿಗೆ ಬರಬಹುದಿತ್ತು. ಇವತ್ತು ಬೇಡ, ನಾಳೆ — ನಾಳೆಗಳೆಲ್ಲ ಸೇರಿ ಆರು ವರ್ಷವಾದವು. ಅಷ್ಟರಲ್ಲಿ ನೀನು ಮಲಾಡಿನ ಒಂದು ಸೊಸೈಟಿಯಲ್ಲಿ ವಾಚ್‌ಮನ್ ಆದೆ. ಪ್ರತಿ ದಸರೆಗೆ ಲೋಕಲ್ ಹತ್ತಿ ಬಂದು ನನ್ನ ಕೈಗೆ ಬನ್ನಿ ಎಲೆ ಕೊಡುತ್ತೀ. ಬೈಯಲು ಬಂದರೆ ತಡೆದುಕೊಳ್ಳುತ್ತಿದ್ದೆ. ನೀನು ಬರುವುದು ಉಪಕಾರ ನೆನೆಯಲು!

ಈ ದಸರೆಗೆ ಆ ಸೆನ್ಸರಿನ ಪೊಟ್ಟಣ ಜೇಬಿನಲ್ಲಿಟ್ಟುಕೊಂಡೇ ಕಾದಿದ್ದೆ. ನೀನು ಬಂದೆ. “ಬನ್ನಿ ತಗೊಂಡು ಬಂಗಾರದಂಗ ಇರೂಣು,” ಎಂದೆ ನೀನು. ಮೊಮ್ಮಗನ ವಿಷಯ ಕೇಳಿದೆ ನಾನು.

“ಎತ್ಕೋ ಅಂತ ಕೈ ಮಾಡತೈತಿ, ಖೋಡಿ,” ಎಂದು ನಕ್ಕೆ ನೀನು. “ಕೂತಾಗ ತೊಡಿ ಮ್ಯಾಲ ತಗೋತೀನಿ. ಎತ್ಕೊಂಡು ಚಾಳಿನ ಮೆಟ್ಟಲಾ ಇಳಿಯೂದಿಲ್ಲಪಾ. ಈ ಕಾಲಿನ ಭರೋಸಾ ಇಲ್ಲ. ಅವತ್ತು ನೀ ಹೇಳಿದ್ದು ಛಲೋ ಆತು ಮಿಸ್ತ್ರಿ, ಇಲ್ಲಾಂದ್ರ ಯಾರ್ಯಾರ ಮಕ್ಕಳನ್ನ ಕೊಲ್ಲತಿದ್ನೋ.”

ನಾನು — ಬನ್ನಿ ಎಲೆಯನ್ನು ತೆಗೆದುಕೊಂಡೆ. ಪೊಟ್ಟಣ ಜೇಬಿನಲ್ಲೇ ಉಳಿಯಿತು.

ಇವತ್ತು ಬೆಳಿಗ್ಗೆ ಘಾಟ್ಕೋಪರಿಗೆ ಹೋಗಿ ಸೇಠನಿಗೆ ಎಲ್ಲ ಹೇಳಿ ಬಂದೆ, ಅವನ ಅಂಗಡಿಯ ಜನರೆದುರಿಗೇ. ಅವನು “ಅಬ್ ಬತಾ ರಹೇ ಹೋ?” ಎಂದ. ಈಗ ಹೇಳುತ್ತಿದ್ದೀಯಾ? ಸಂಜೆ ಗಲ್ಲಿಯಲ್ಲೂ ಹೇಳಿದೆ. ಹೈಕೋರ್ಟು ಬಾಗಿಲು ಹಾಕಿತು.

ನಾಳೆ ಮಲಾಡಿಗೆ ಬರುತ್ತೇನೆ. ಬಾಯಿ ಮತ್ತೆ ಕೈ ಕೊಟ್ಟರೆ ಇರಲಿ ಎಂದು ಇದನ್ನು ಬರೆದದ್ದು. ಪೇಪರಿನಲ್ಲಿ ಸುತ್ತಿದ್ದನ್ನು ನಿನ್ನ ಕೈಗೆ ಕೊಡುತ್ತೇನೆ. ಆರು ವರ್ಷ ತಡವಾದ ಹಳೆ ಪಾರ್ಟು. ಅದರ ಮುಚ್ಚಳವನ್ನು ನಾನೇ ಬಿಚ್ಚಿದ್ದೇನೆ. ಪೆಡಲು ಒತ್ತಿದಷ್ಟು ದೂರ ಒಂದು ಸಣ್ಣ ತಗಡು ಒಳಗಿನ ಪಟ್ಟಿಯ ಮೇಲೆ ಸರಿದು, ಕಾಲು ನಿಂತಲ್ಲೇ ಇಂಜಿನ್ನಿನ ಅದುರಿಗೆ ಉಜ್ಜುತ್ತಿರುತ್ತದೆ. ಒಳಗಿನ ಕಪ್ಪು ಪಟ್ಟಿ ಎಲ್ಲ ಕಡೆ ಹೊಸದರಂತಿದೆ, ಒಂದು ಕಡೆ ಮಾತ್ರ ಸವೆದು ಬಿಳಿಯಾಗಿದೆ. ಆ ಜಾಗದ ಮೇಲೆ ಉಗುರು ಆಡಿಸಿ ನೋಡು, ತಗ್ಗು ಸಿಗುತ್ತದೆ. ಜಾರುವ ಕಾಲು ಹಾಗೆ ಒಂದೇ ಕಡೆ ಸವೆಸುವುದಿಲ್ಲ, ಮಲ್ಲಣ್ಣ. ಹನ್ನೊಂದು ವರ್ಷ, ಆ ಏರಿನ ಉದ್ದಕ್ಕೂ, ಒಂದು ಕೂದಲಷ್ಟೂ ಅಲುಗದೆ ನಿಂತ ಕಾಲಿನ ಗುರುತು ಅದು.