ಕೆಂಪು ಪೆನ್ಸಿಲಿನ ‘ನಕಲು’

ಗಂಗಾಧರಯ್ಯ ಮೇಷ್ಟ್ರ ಕಿವಿಯ ಮೇಲೆ ಸದಾ ಒಂದು ಕೆಂಪು ಪೆನ್ಸಿಲು ಕೂತಿರುತ್ತಿತ್ತು. ಕಾರ್ಬನ್ ಪ್ರತಿ ಕಣ್ಣಿಗೆ ಬಿದ್ದರೆ ಸಾಕು, ಮೂಲೆಯಲ್ಲಿ ‘ನಕಲು’ ಎಂದು ಬರೆದು ಸಹಿ ಹಾಕುತ್ತಿದ್ದರು. ಕೋರ್ಟಿನಲ್ಲಿ ಟೈಪಿಸ್ಟಾಗಿ ನಿವೃತ್ತರಾದವರು. ಹೆಂಡತಿಯ ಸಾಮಾನಿನ ಚೀಟಿಯನ್ನು ಇನ್ನೊಂದು ಹಾಳೆಗೆ ಇಳಿಸಿಕೊಂಡರೂ ಅದರ ಮೇಲೆ ‘ನಕಲು’!

ತುಮಕೂರಿನಲ್ಲಿ ಅವರು ನಡೆಸುತ್ತಿದ್ದ ಟೈಪಿಂಗ್ ಇನ್‌ಸ್ಟಿಟ್ಯೂಟಿನಲ್ಲಿ ನಾನು ಕಲಿಸುತ್ತಿದ್ದೆ. ಎಂಬತ್ತರ ದಶಕ ಮುಗಿಯುವ ಹೊತ್ತಿಗೆ ಅಲ್ಲಿಗೊಂದು ಕಂಪ್ಯೂಟರ್ ಬಂತು. ಟೈಪ್ ಮಾಡುವ ಪ್ರೋಗ್ರಾಂ ಇದ್ದದ್ದು ಒಂದೇ ಒಂದು ಫ್ಲಾಪಿಯಲ್ಲಿ. ಅದನ್ನು ತೂರಿಸಿದರೆ ಯಂತ್ರಕ್ಕೆ ಜೀವ, ಇಲ್ಲದಿದ್ದರೆ ಬರೀ ಡಬ್ಬ. ಆ ಫ್ಲಾಪಿಯೋ ಹಪ್ಪಳದಷ್ಟು ನಾಜೂಕು.

“ಸಾರ್, ಒಂದು ಕಾಪಿ ಮಾಡಿಟ್ಕೊಳ್ಳೋಣ. ಕೆಟ್ರೆ ಏನ್ ಗತಿ?” ಎಂದೆ.

ಮೇಷ್ಟ್ರು ಫ್ಲಾಪಿಯ ಡಬ್ಬಿಯೊಳಗಿದ್ದ ಕಂಪನಿಯ ಕಾಗದದ ಮೇಲೆ ಬೆರಳಿಟ್ಟರು. “ನಕಲು ಮಾಡ್ಬಾರ್ದು ಅಂತ ಅಚ್ಚು ಹಾಕವ್ರೆ, ನೋಡು ನಾಗರತ್ನ.”

“ದುಡ್ಡು ಕೊಟ್ಟು ತಂದಿದ್ದು ಸಾರ್, ನಮ್ದೇ ಅಲ್ವಾ?”

“ದುಡ್ಡು ಕೊಟ್ಟು ತಂದ ಪುಸ್ತಕಾನ ನಾವೇ ಅಚ್ಚು ಹಾಕ್ಸೋಕಾಗ್ತದೇನಮ್ಮ?”

ನನಗೆ ಮೈಯೆಲ್ಲ ಉರಿಯಿತು. ಅವರಿಗೂ ಒಳಗೇ ಕೊರೆಯುತ್ತಿತ್ತೇನೋ, ಕುಣಿಗಲ್ಲಿನ ಪರಿಚಯದ ವಕೀಲರನ್ನು ಕೇಳಲು ಬಸ್ಸು ಹತ್ತಿದರು. ಸಂಜೆ ಬಂದು, “ಕಾನೂನಲ್ಲಿ ಅವ್ರಿಗೂ ಏನೂ ಸ್ಪಷ್ಟವಾಗಿ ಕಾಣ್ಸಿಲ್ವಂತೆ. ಕಂಪನಿಗೆ ಕಾಗ್ದ ಹಾಕಿದೀನಿ. ಉತ್ತರ ಬರೋಗಂಟ ಕೈ ಹಚ್ಬೇಡ” ಎಂದರು.

ಉತ್ತರ ಬರುವ ಲಕ್ಷಣ ಕಾಣಲಿಲ್ಲ. ಒಂದು ಮಧ್ಯಾಹ್ನ ಅವರು ಊಟಕ್ಕೆ ಹೋದಾಗ ಕದ್ದು ಕಾಪಿ ಮಾಡಿ, ನನ್ನ ಡ್ರಾಯರಿನ ತಳದಲ್ಲಿ ಇಟ್ಟುಬಿಟ್ಟೆ. ಆಮೇಲೆ ಅವರು ಆ ಕಡೆ ಬಂದಾಗಲೆಲ್ಲ ಡ್ರಾಯರಿಗೆ ಅಡ್ಡ ನಿಲ್ಲುತ್ತಿದ್ದೆ.

ಆಯುಧಪೂಜೆ ಬಂತು. ಮೇಷ್ಟ್ರು ಟೈಪ್‌ರೈಟರುಗಳಿಗೆಲ್ಲ ವಿಭೂತಿ ಬಳಿದು, ಹೂವಿಟ್ಟು, “ಮುಖ್ಯವಾದದ್ದೇ ಮರ್ತಿದ್ದೆ” ಎಂದು ಫ್ಲಾಪಿಯನ್ನು ತಟ್ಟೆಯಲ್ಲಿಟ್ಟರಂತೆ. ಒದ್ದೆ ಬೆರಳಿನಿಂದ ಮೂರು ಪಟ್ಟೆ ಎಳೆದರಂತೆ, ಅದೂ ಸರಿಯಾಗಿ ಒಳಗಿನ ಬಿಲ್ಲೆ ಇಣುಕುವ ಕಂಡಿಯ ಮೇಲೆ. ನಾನು ಆಗ ಹಿಂದಿನ ಕೋಣೆಯಲ್ಲಿ ಪ್ರಸಾದದ ಚರುಪನ್ನು ಪೊಟ್ಟಣ ಕಟ್ಟುತ್ತಿದ್ದೆ.

ಹಬ್ಬ ಮುಗಿಸಿ ಬಂದು ನೋಡಿದರೆ ಯಂತ್ರ ಕರಕರ ಎಂದು ನಿಂತೇಹೋಯಿತು. ಕಂಪ್ಯೂಟರ್ ಕಲಿತ ಮೊದಲ ತಂಡದ ಪರೀಕ್ಷೆಗೆ ಮೂರೇ ದಿನ. ಮೇಷ್ಟ್ರು ತಲೆ ಮೇಲೆ ಕೈಹೊತ್ತು ಕುಳಿತರು. “ಮಕ್ಕಳ ಬಾಯಿಗೆ ಮಣ್ಣು ಹಾಕ್ಬುಟ್ನಲ್ಲಮ್ಮ!”

ಕೆಲಸ ಹೋದರೂ ಹೋಗಲಿ ಎಂದು ಡ್ರಾಯರು ಎಳೆದೆ. “ಸಾರ್, ಬೈಬೇಡಿ” ಎಂದು ಕಾಪಿಯನ್ನು ಮುಂದಿಟ್ಟೆ.

ಅದನ್ನು ಎತ್ತಿಕೊಂಡು ಹಿಂದೆ ಮುಂದೆ ತಿರುಗಿಸಿ ನೋಡಿದರು. “ಯಾರ್ಗಾದ್ರೂ ಕೊಟ್ಟಿದೀಯಾ?”

“ನನ್ನಾಣೆ ಇಲ್ಲ ಸಾರ್.”

“ಮಾಡಿದ್ದು ಸರಿ. ಕೇಳ್ದೆ ಮಾಡಿದ್ದು ತಪ್ಪು” ಎನ್ನುತ್ತ ಕಿವಿಯ ಮೇಲಿನ ಪೆನ್ಸಿಲಿಗೆ ಕೈಹಾಕಿದರು. “ಅಯ್ಯೋ, ಅದರ ಮೇಲೆ ಒತ್ತಿ ಬರೀಬೇಡಿ ಸಾರ್, ಅದೂ ಕೆಟ್ಟೋಗತ್ತೆ!” ಎಂದು ಚೀರಿದೆ. ಬೇರೊಂದು ಚೀಟಿಯ ಮೇಲೆ ‘ನಕಲು’ ಎಂದು ಬರೆದು ಅದಕ್ಕೆ ಅಂಟಿಸಿದರು.

ಪರೀಕ್ಷೆ ನಿರಾತಂಕವಾಗಿ ನಡೆಯಿತು. ಮೇಷ್ಟ್ರು ಕಂಪನಿಗೆ ಮತ್ತೊಂದು ಕಾಗದ ಹಾಕಿದರು: “ನಮ್ಮ ವಿಭೂತಿಯಿಂದ ಅಸಲು ಹಾಳಾಗಿದೆ. ನಕಲು ಬಳಸುತ್ತಿದ್ದೇವೆ. ತಪ್ಪಾದಲ್ಲಿ ತಿಳಿಸುವುದು.” ಅದಕ್ಕೂ ಉತ್ತರವಿಲ್ಲ. ಗುಬ್ಬಿಯಿಂದ ಅವರ ಸ್ನೇಹಿತರೊಬ್ಬರು ಬಂದು ತಮಗೂ ಒಂದು ಕಾಪಿ ಬೇಕೆಂದರು. ಮೇಷ್ಟ್ರು ಕಾಫಿ ಕುಡಿಸಿ, “ಮೊದ್ಲು ನಿಮ್ಮ ಅಸಲು ತಗೊಳ್ಳಿ ಸ್ವಾಮಿ, ಆಮೇಲೆ ನಕಲಿನ ಮಾತು” ಎಂದು ಕಳಿಸಿದರು.

ಮದುವೆಯಾಗಿ ನಾನೂ ಗುಬ್ಬಿಗೆ ಹೊರಟಾಗ ಅನುಭವದ ಸರ್ಟಿಫಿಕೇಟನ್ನು ತಾವೇ ಟೈಪ್ ಮಾಡಿಕೊಟ್ಟರು. ಕಾರ್ಬನ್ ಪ್ರತಿಯನ್ನು ಎಂದಿನಂತೆ ಫೈಲಿಗೆ ಸೇರಿಸಿದರು. ನಾನು ಅವರನ್ನು ಕಂಡದ್ದು ಅದೇ ಕೊನೆ.

ಪ್ರೋಗ್ರಾಂ ಕೊಂಡವರು, ಅಸಲು ಕೆಟ್ಟರೆ ಇರಲೆಂದು ಒಂದು ಪ್ರತಿ ಮಾಡಿಟ್ಟುಕೊಳ್ಳಬಹುದು ಎಂದು ಮುಂದೆ ಕಾನೂನೇ ಬಂತು. ಓಡಿಹೋಗಿ ಹೇಳೋಣವೆಂದರೆ ಮೇಷ್ಟ್ರು ತೀರಿಹೋಗಿ ವರ್ಷವಾಗಿತ್ತು.

ಮನೆ ಬದಲಾಯಿಸುವಾಗ ನನ್ನ ಸರ್ಟಿಫಿಕೇಟು ಕಳೆದುಹೋಯಿತು. ಅದೇ ಹೊತ್ತಿಗೆ ಶಾಲೆಯೊಂದರಲ್ಲಿ ಕೆಲಸ ಸಿಗುವುದರಲ್ಲಿತ್ತು. ಸಂಕೋಚದಿಂದಲೇ ತುಮಕೂರಿಗೆ ಹೋಗಿ ಅವರ ಹೆಂಡತಿಯ ಮುಂದೆ ನಿಂತೆ. ಅವರು ಫೈಲು ತಂದು ನನ್ನ ತೊಡೆಯ ಮೇಲಿಟ್ಟರು. ನನ್ನ ಹಾಳೆ ಅಲ್ಲೇ ಇತ್ತು, ಮೂಲೆಯಲ್ಲಿ ಕೆಂಪಗೆ ‘ನಕಲು’. ಸಹಿಯ ಕೆಳಗೆ ಹೆಂಡತಿಗೆಂದು ಇನ್ನೊಂದು ಸಾಲು ಬರೆದಿದ್ದರು: “ಅಸಲು ಕಳೆದುಕೊಂಡು ನಾಗರತ್ನ ಬಂದರೆ ಕೊಡುವುದು. ನನ್ನನ್ನು ಕೇಳಬೇಕಾಗಿಲ್ಲ.”